ಇಪ್ಪತ್ತು ನಾಣ್ಯಗಳ ಪಾಠ

ಊರಿನ ಕಚೇರಿಗಳಲ್ಲಿ ಅವನನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಓದನ್ನು ಹತ್ತನೇ ತರಗತಿಗೇ ಕೈಬಿಟ್ಟವನಿಗೆ ಆ ಹೆಸರು ದಕ್ಕಿದ್ದು ಅವನ ಕೆಲಸದಿಂದ, ಅದೂ ತಮಾಷೆಗೆ. ಅವನು ತಮಾಷೆಯನ್ನು ಬಿಟ್ಟು ಹೆಸರನ್ನು ಮಾತ್ರ ಇಟ್ಟುಕೊಂಡ. ಗ್ರಂಥಾಲಯ, ನ್ಯಾಯಾಲಯ, ಆಸ್ಪತ್ರೆಯ ದಾಖಲೆ ಕೋಣೆ, ನರ್ಸ್ ತರಬೇತಿಯ ಕಚೇರಿ, ಹೀಗೆ ಹನ್ನೊಂದು ಕಡೆ ಜನ ತಾವೇ ಜೆರಾಕ್ಸ್ ತೆಗೆದುಕೊಳ್ಳಲೆಂದು ಒಂದು ಕಂಪನಿ ಯಂತ್ರಗಳನ್ನು ಇಟ್ಟಿತ್ತು. ಪ್ರತಿ ಯಂತ್ರದ ಮಗ್ಗುಲಿಗೂ ತಿರುಪು ಬಿಗಿದು ಕೂರಿಸಿದ ಒಂದು ತಗಡಿನ ಡಬ್ಬಿ. ನಾಣ್ಯ ಹಾಕಿದರೆ, ಇಲ್ಲವೇ ಕಾರ್ಡು ತೂರಿಸಿದರೆ, ಒಂದು ಹಾಳೆ ಹೊರಗೆ ಬರುತ್ತದೆ. ಯಂತ್ರ ರಿಪೇರಿಯವರು ಬೇರೆ. ಇವನದು ಡಬ್ಬಿ ಮಾತ್ರ.

ಡಬ್ಬಿಗೆ ಹುಟ್ಟುತ್ತಲೇ ನಾಣ್ಯದ ಗುರುತು ಇರುವುದಿಲ್ಲ, ಕಲಿಸಬೇಕು. ಬೀಗ ತೆಗೆದು, ಒಳಗಿನ ಕೆಂಪು ಗುಂಡಿ ಒತ್ತಿ, ಇಪ್ಪತ್ತು ನಾಣ್ಯಗಳನ್ನು ಒಂದರ ಹಿಂದೊಂದು ಹಾಕಬೇಕು. ಅದು ಒಂದೊಂದರ ಅಗಲ, ದಪ್ಪ, ಲೋಹ ನೋಡಿ ನಾಣ್ಯವೆಂದರೆ ಹೀಗಿರುತ್ತದೆ ಎಂದು ಮನದಟ್ಟು ಮಾಡಿಕೊಳ್ಳುತ್ತದೆ. ಆಮೇಲೆ ಬಂದದ್ದು ಆ ಇಪ್ಪತ್ತರ ಹಾಗಿದ್ದರೆ ನುಂಗುತ್ತದೆ, ಇಲ್ಲವಾದರೆ ಕೆಳಗಿನ ಬಟ್ಟಲಿಗೆ ಠಣ್ಣೆಂದು ಉಗುಳುತ್ತದೆ. ಈ ಕೆಲಸಕ್ಕೆ ಡಬ್ಬಿ ತಯಾರಿಸಿದವರು ಇಟ್ಟ ಹೆಸರು ಪಾಠ. ಪಾಠ ಹೇಳುವವನು ಮೇಷ್ಟ್ರಲ್ಲದೆ ಮತ್ತೇನು?

ಅವನಿಗೆ ಕೆಲಸ ಕಲಿಸಿದ ಮುದಿ ಮೆಕ್ಯಾನಿಕ್ ಒಂದು ಲೆಕ್ಕ ಹೇಳಿಕೊಟ್ಟಿದ್ದ. ಪಾಠದ ಇಪ್ಪತ್ತರಲ್ಲಿ ಐದು ಹೊಸವು, ಹತ್ತು ನಡುವಯಸ್ಸಿನವು, ಐದು ಸವೆದು ಸುಣ್ಣವಾದವು ಇರಲೇಬೇಕು. ಯಾಕೆಂದರೆ ಜೆರಾಕ್ಸ್ ಯಂತ್ರದ ಮುಂದೆ ಬಂದು ನಿಲ್ಲುವವರ ಜೇಬು ಬ್ಯಾಂಕಿನ ಕಪಾಟಲ್ಲ. ಸವೆದದ್ದನ್ನು ತೋರಿಸದೆ ಇದ್ದರೆ ಡಬ್ಬಿಗೆ ಕೊಬ್ಬು ಬರುತ್ತದೆ ಎಂದು ಆ ಮುದುಕ ಹೇಳುತ್ತಿದ್ದ. ಮೇಷ್ಟ್ರು ಹದಿನಾರು ವರ್ಷ ಹಾಗೆಯೇ ನಡೆದುಕೊಂಡ. ಅಲ್ಲಿಯವರೆಗೆ ಅವನ ಬಗ್ಗೆ ಕೆಟ್ಟ ಮಾತಾಡಲು ನನ್ನ ಹತ್ತಿರ ಏನೂ ಇಲ್ಲ.

ಎಡವಟ್ಟಾದದ್ದು ನ್ಯಾಯಾಲಯದ ಡಬ್ಬಿಯಿಂದ. ಯಾರೋ ಪುಣ್ಯಾತ್ಮರು ಬೋಲ್ಟಿನ ವಾಷರುಗಳನ್ನು ಅರದಿಂದ ಉಜ್ಜಿ, ತೂತಿಗೆ ಸೀಸ ತುಂಬಿ, ನಾಣ್ಯದ ಬದಲು ಹಾಕಿ ದಾವೆಗೆ ಬೇಕಾದ ಕಾಗದವನ್ನೆಲ್ಲ ತೆಗೆದುಕೊಂಡು ಹೋಗಿದ್ದರು. ಕಂಪನಿಯ ಮ್ಯಾನೇಜರ್ ಆ ವಾಷರುಗಳನ್ನು ಒಂದು ತಟ್ಟೆಯಲ್ಲಿ ಸುರಿದು, ಹತ್ತು ಜನರ ಎದುರು ಮೇಷ್ಟ್ರ ಮುಂದೆ ಇಟ್ಟ. ಇದೇನು ಡಬ್ಬಿಯೋ ಧರ್ಮಛತ್ರವೋ ಎಂದು ಕೇಳಿದ. ಹತ್ತು ಜನ ನಕ್ಕರು. ಮೇಷ್ಟ್ರಿಗೆ ಕಿವಿಯವರೆಗೆ ಬಿಸಿಯಾಯಿತು.

ಅವನು ಆ ವಾರವೇ ಬ್ಯಾಂಕಿಗೆ ಹೋಗಿ ಮುದ್ರೆ ಬಿದ್ದು ತಿಂಗಳಾಗದ ನಾಣ್ಯಗಳನ್ನು ತಂದ. ಹನ್ನೊಂದು ಡಬ್ಬಿಗಳಿಗೂ ಹೊಸ ನಾಣ್ಯಗಳಿಂದಲೇ ಪಾಠ ಹೇಳಿದ. ಒಳಗೆ ನಾಣ್ಯದ ತಪಾಸಣೆಯನ್ನು ಬಿಗಿ-ಸಡಿಲ ಮಾಡುವ ಸಣ್ಣ ತಿರುಪೊಂದು ಇರುತ್ತದೆ, ಅದನ್ನೂ ಪೂರ್ತಿ ಬಿಗಿ ಮಾಡಿದ. ಕಂಪನಿಗೆ ಒಂದು ಮಾತು ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ವಾಷರು ಹಾಕಿದವನು ಎಲ್ಲಿದ್ದನೋ, ಬರೆ ಬಿದ್ದದ್ದು ಸವೆದ ನಾಣ್ಯ ಹಿಡಿದು ಬರುವವರಿಗೆ. ಪಾಠದ ಚೀಲದಲ್ಲಿದ್ದ ಹಳೆಯ ನಾಣ್ಯಗಳನ್ನೆಲ್ಲ ಅವನು ತಂದು ಅಡುಗೆಮನೆಯ ಶೆಲ್ಫಿನ ಮೇಲಿದ್ದ ಬಿಸ್ಕತ್ತಿನ ಟಿನ್ನಿಗೆ ಸುರಿದ. ಹೆಂಡತಿ ಬಸ್ಸಿಗೆ ಚಿಲ್ಲರೆ ತೆಗೆದುಕೊಳ್ಳುತ್ತಿದ್ದದ್ದು ಆ ಟಿನ್ನಿನಿಂದ.

ವಾಷರು ನಿಂತುಹೋಯಿತು. ಮ್ಯಾನೇಜರ್ ಬೆನ್ನು ತಟ್ಟಿದ. ದೂರುಗಳು ಮಾತ್ರ ಬರತೊಡಗಿದವು. ಪ್ರತಿ ಯಂತ್ರಕ್ಕೂ ದಾರದಲ್ಲಿ ಕಟ್ಟಿ ತೂಗುಹಾಕಿದ ಒಂದು ಪುಸ್ತಕವಿರುತ್ತದೆ. ದೂರು ಒಂದು ಕಡೆ, ಮೆಕ್ಯಾನಿಕ್ ಏನು ಕಂಡ ಎಂಬುದು ಇನ್ನೊಂದು ಕಡೆ, ಕೊನೆಗೆ ಸಹಿ, ತಾರೀಖು. ‘ನಾಣ್ಯ ವಾಪಸ್ ಬರುತ್ತಿದೆ’ ಎಂದು ಜನ ಬರೆದರೆ ಅವನು ಹೋಗಿ ತನ್ನ ಜೇಬಿನ ಥಳಥಳಿಸುವ ನಾಣ್ಯ ಹಾಕುತ್ತಿದ್ದ. ಡಬ್ಬಿ ನುಂಗುತ್ತಿತ್ತು. ‘ದೋಷ ಕಂಡುಬಂದಿಲ್ಲ’ ಎಂದು ದುಂಡಗೆ ಬರೆದು ಸಹಿ ಹಾಕುತ್ತಿದ್ದ. ಅದು ಸುಳ್ಳೂ ಅಲ್ಲ. ಹೊಸ ನಾಣ್ಯದಿಂದ ಹುಡುಕಿದವನಿಗೆ ದೋಷ ಕಾಣುವುದಾದರೂ ಹೇಗೆ? ಆ ಎರಡು ಪದಗಳನ್ನು ಅವನು ಎರಡು ವರ್ಷ, ಹನ್ನೊಂದು ಪುಸ್ತಕಗಳಲ್ಲಿ ಬರೆದ.

ಅವನ ಪ್ರಾಮಾಣಿಕತೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕೆಂದರೆ ಅವನೇ ಅದನ್ನು ಎಲ್ಲರಿಗೂ ಹೇಳುತ್ತಿದ್ದ. ಪರೀಕ್ಷೆಗೆಂದು ಕಂಪನಿ ಕೊಟ್ಟ ಒಂದು ಬಿಳಿ ಕಾರ್ಡು ಅವನ ಕೊರಳಲ್ಲಿ ನೇತಾಡುತ್ತಿತ್ತು. ಅದನ್ನು ತೂರಿಸಿದರೆ ಎಷ್ಟು ಹಾಳೆ ಬೇಕಾದರೂ ಪುಕ್ಕಟೆ. ಯಂತ್ರ ರಿಪೇರಿಯ ಮೆಕ್ಯಾನಿಕ್‌ಗಳು ಅದರಿಂದ ಮಕ್ಕಳ ಪುಸ್ತಕಗಳನ್ನೇ ಇಡಿಯಾಗಿ ತೆಗೆದುಕೊಂಡಿದ್ದರು. ಇವನು ಸ್ವಂತಕ್ಕೆ ಒಂದು ಹಾಳೆ ತೆಗೆದವನಲ್ಲ. ಕೆಲಸದ ಹೊತ್ತಿನಲ್ಲಿ ಮನೆಯ ಫೋನು ಎತ್ತಬಾರದೆಂಬ ನೇಮವೂ ಇತ್ತು. ಇಂಥ ನೇಮಗಳಿಗೆ ಖರ್ಚು ಬೀಳುವುದು ಹೆಚ್ಚಾಗಿ ಮನೆಯವರಿಗೆ.

ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಆಯಾ. ಹತ್ತೊಂಬತ್ತು ವರ್ಷದಿಂದ ಹಾಸಿಗೆಯ ಬಟ್ಟೆ ಬದಲಿಸಿ, ರೋಗಿಗಳನ್ನು ಮಗ್ಗುಲು ಹೊರಳಿಸಿ, ಅವರ ಬಯ್ಗುಳ ತಿಂದು ಬಂದವಳು. ನಾಡಿ ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲ ಅವಳಿಗೆ ಬರುತ್ತಿತ್ತು, ಆದರೆ ಮಾಡುವ ಹಕ್ಕಿರಲಿಲ್ಲ. ಹೊಸದಾಗಿ ಬಂದ ನರ್ಸುಗಳು ಸೂಜಿ ಹಿಡಿದು ನಡುಗುತ್ತಿದ್ದರೆ ಹಿಂದೆ ನಿಂತು ಪಿಸುಗುಟ್ಟಿ ಹೇಳಿಕೊಡುತ್ತಿದ್ದಳು. ಆಸ್ಪತ್ರೆಯ ಕೆಳದರ್ಜೆಯ ನೌಕರರಿಗೆಂದು ವರ್ಷಕ್ಕೆ ನಾಲ್ಕು ನರ್ಸ್ ತರಬೇತಿಯ ಜಾಗಗಳಿದ್ದವು, ನಲವತ್ತೈದು ದಾಟಿರಬಾರದು. ಮೂರು ವರ್ಷ ಅರ್ಜಿ ಹಾಕಿ ಮೂರು ವರ್ಷವೂ ಒಂದೊಂದು ಜಾಗಕ್ಕೆ ತಪ್ಪಿತ್ತು. ಈ ವರ್ಷ ಪಟ್ಟಿಯಲ್ಲಿ ಅವಳೇ ಮೊದಲು ಎಂದು ದೊಡ್ಡ ಸಿಸ್ಟರ್ ಬಾಯಿಬಿಟ್ಟು ಹೇಳಿದ್ದರು. ಅವಳಿಗೆ ಆಗ ನಲವತ್ತನಾಲ್ಕು ವರ್ಷ ಹತ್ತು ತಿಂಗಳು. ಈ ಬಾರಿ ಹೋದರೆ ಮುಂದೆ ಯಾವ ಬಾರಿಯೂ ಇರಲಿಲ್ಲ.

ಅರ್ಜಿಯ ಜೊತೆ ಆರು ಕಾಗದಗಳ ಪ್ರತಿ ಬೇಕಿತ್ತು. ಕೊನೆಯ ದಿನಕ್ಕೆ ಒಂದು ವಾರ ಇರುವಾಗ ಅವಳು ಐದು ಕಾಗದಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಬೆಳಿಗ್ಗೆ ಅವನ ಚೀಲದ ಪಕ್ಕದಲ್ಲಿಟ್ಟಳು. ದಿನವಿಡೀ ಯಂತ್ರಗಳ ನಡುವೆಯೇ ಇರುತ್ತೀರಲ್ಲ, ಒಂದೊಂದು ಪ್ರತಿ ತೆಗೆದುಕೊಂಡು ಬನ್ನಿ ಎಂದಳು. ಬಿಳಿ ಕಾರ್ಡಿನಿಂದ ತೆಗೆಯಿರಿ ಎಂದು ಅವಳು ಹೇಳಲೂ ಇಲ್ಲ. ಅವನೇ ಹಾಗೆಂದುಕೊಂಡ.

“ಹದಿನೆಂಟು ವರ್ಷ ಕಂಪನಿದು ಒಂದು ಹಾಳೆ ಮುಟ್ಟಿಲ್ಲ ನಾನು. ಈಗ ನಿನಗೋಸ್ಕರ ಕಳ್ಳ ಅನ್ನಿಸ್ಕೊಳ್ಳಲಾ? ಹೋಗಿ ನಾಣ್ಯ ಹಾಕು, ಎಲ್ಲರೂ ಹಾಕ್ತಾರೆ,” ಎಂದ.

ಆರನೆಯದು ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ತೆಗೆದರಾಯಿತು ಎಂದು ಅವಳು ಲಕೋಟೆ ತೆಗೆದು ಒಳಗಿಟ್ಟಳು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಗೊಣಗಿದ್ದು ಅವನಿಗೆ ಕೇಳಿಸಿತು. ಕೇಳಿಸದವನಂತೆ ಬೂಟಿನ ದಾರ ಕಟ್ಟಿಕೊಂಡ.

ಆರನೆಯ ಕಾಗದ ಆಸ್ಪತ್ರೆ ಕೊಡಬೇಕಾದ ಸೇವಾ ಪತ್ರ. ಅದನ್ನು ಮೂರು ವಾರ ಅಲೆಸಿ, ಕೊನೆಯ ದಿನ, ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಕೊಟ್ಟರು. ತರಬೇತಿ ಕಚೇರಿಯ ಕಿಟಕಿ ಮುಚ್ಚುವುದು ನಾಲ್ಕಕ್ಕೆ. ಆಸ್ಪತ್ರೆಯ ಯಂತ್ರದ ಮುಂದಿನ ಉದ್ದ ಸಾಲಿಗೆ ನಿಲ್ಲದೆ ಅವಳು ಎರಡು ಬಸ್ಸು ಹಿಡಿದು ಮೂರೂ ಮುಕ್ಕಾಲಿಗೆ ಅಲ್ಲಿ ತಲುಪಿದಳು. ಕಚೇರಿ ಇರುವುದು ಊರ ಹೊರಗೆ, ಹತ್ತಿರ ಬೇರೆ ಜೆರಾಕ್ಸ್ ಅಂಗಡಿಯಿಲ್ಲ. ಇದ್ದದ್ದು ಮೆಟ್ಟಿಲ ಕೆಳಗಿನ ಸಾರ್ವಜನಿಕ ಯಂತ್ರ ಒಂದೇ. ಅದರ ಮೇಲೆ ಗಂಡನ ದುಂಡು ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿತ್ತು: ‘ಕಾರ್ಡು ಸದ್ಯಕ್ಕೆ ನಡೆಯುವುದಿಲ್ಲ. ನಾಣ್ಯ ಬಳಸಿ.’ ಕಾರ್ಡು ಓದುವ ಭಾಗ ಸವೆದು ವಾರವಾಗಿತ್ತು, ಬದಲಿ ಬಂದಿರಲಿಲ್ಲ.

ಅವಳು ಪರ್ಸು ಬಿಚ್ಚಿದಳು. ಎಂಟು ನಾಣ್ಯಗಳಿದ್ದವು, ಎಲ್ಲವೂ ಬಿಸ್ಕತ್ತಿನ ಟಿನ್ನಿನವು. ಒಂದು ಹಾಕಿದಳು, ಠಣ್ಣೆಂದು ಬಟ್ಟಲಿಗೆ ಬಿತ್ತು. ಇನ್ನೊಂದು ಹಾಕಿದಳು, ಅದೂ ಬಿತ್ತು. ಸೆರಗಿನಿಂದ ಒರೆಸಿ ಹಾಕಿದಳು. ಮೆಲ್ಲಗೆ ಹಾಕಿದಳು, ಜೋರಾಗಿ ಹಾಕಿದಳು. ಕಾವಲುಗಾರ ತನ್ನ ಜೇಬಿನಿಂದ ಎರಡು ಕೊಟ್ಟ, ಒಂದು ಒಳಗೆ ಹೋಯಿತು. ಸಾಲಿನಲ್ಲಿದ್ದ ಯಾರೋ ಮೂರು ಕೊಟ್ಟರು, ಎರಡು ಹೋದವು. ಮೂರು ಹಾಳೆ ಬಂದವು. ಗಂಡನಿಗೆ ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ. ಆಮೇಲೆ ಡಬ್ಬಿಯ ಮೇಲೆ ಬರೆದಿದ್ದ ಕಂಪನಿಯ ನಂಬರಿಗೆ ಮಾಡಿದಳು.

ಮೇಷ್ಟ್ರು ಆ ಹೊತ್ತಿಗೆ ಹತ್ತು ನಿಮಿಷದ ದಾರಿಯಲ್ಲಿದ್ದ ಗ್ರಂಥಾಲಯದ ಹಿಂದೆ ನಿಂತು ಟೀ ಕುಡಿಯುತ್ತಿದ್ದ. ಮನೆಯ ಫೋನು ಎರಡು ಸಲ ಬಂದು ನಿಂತದ್ದು ನೋಡಿದ್ದ. ಅದರ ಬೆನ್ನಿಗೇ ಕಂಪನಿಯಿಂದ ಬಂತು. ಅದನ್ನು ಎತ್ತಿದ. ಏಳನೇ ನಂಬರ್ ಯಂತ್ರದಲ್ಲಿ ನಾಣ್ಯ ವಾಪಸ್ ಬರುತ್ತಿದೆಯಂತೆ, ಬಹಳ ಅರ್ಜೆಂಟಂತೆ, ಒಬ್ಬರು ಹೆಂಗಸು ಲೈನಿನಲ್ಲಿದ್ದಾರೆ ಎಂದು ಫೋನಿನ ಹುಡುಗಿ ಹೇಳಿದಳು. ಯಂತ್ರ ಸರಿಯಿದೆ, ಅವರ ನಾಣ್ಯ ಸರಿಯಿಲ್ಲ, ಹಾಗೇ ಹೇಳಿಬಿಡಿ ಎಂದು ಇವನು ಹೇಳಿದ. ಹುಡುಗಿ ಹಾಗೇ ಹೇಳಿಬಿಟ್ಟಳು. ಆ ಕಂಪನಿಗೆ ಇದ್ದದ್ದು ಒಬ್ಬನೇ ಡಬ್ಬಿ ಮೆಕ್ಯಾನಿಕ್ ಎಂದು ಲೈನಿನಲ್ಲಿದ್ದ ಹೆಂಗಸಿಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕೂವರೆಗೆ, ಹೇಗೂ ದಾರಿಯಲ್ಲೇ ಇದೆಯಲ್ಲ ಎಂದು, ಅವನು ಏಳನೇ ನಂಬರಿಗೆ ಹೋದ. ಹೊಸ ನಾಣ್ಯ ಹಾಕಿದ, ನುಂಗಿತು. ಪುಸ್ತಕದಲ್ಲಿ ಕಾವಲುಗಾರ ದೂರು ಬರೆದಿಟ್ಟಿದ್ದ. ಅದರ ಮುಂದೆ ಅವನು ತನ್ನ ಎರಡು ಪದ ಬರೆದ. ಪಾಪ, ಕಿಟಕಿ ಮುಚ್ಚಿಬಿಟ್ರು, ಆಯಮ್ಮ ಅಳೋದೊಂದು ಬಾಕಿ ಎಂದ ಕಾವಲುಗಾರ.

“ಸವೆದ ನಾಣ್ಯ ತರ್ತಾರೆ, ಆಮೇಲೆ ಅಳ್ತಾರೆ,” ಎಂದ ಮೇಷ್ಟ್ರು, ಪೆನ್ನಿನ ಮುಚ್ಚಳ ಹಾಕುತ್ತ.

ಸಂಜೆ ಮನೆಗೆ ಬಂದಾಗ ಅವಳು ಊಟದ ಮೇಜಿನ ಮುಂದೆ ಕೂತಿದ್ದಳು. ಆಸ್ಪತ್ರೆಯ ಸೀರೆಯನ್ನೂ ಬದಲಿಸಿರಲಿಲ್ಲ. ಅರ್ಜಿ ಕೊಟ್ಟಾಯಿತಾ ಎಂದು ಕೇಳಿದ. ಅವಳು ಪರ್ಸಿನಿಂದ ಎಂಟು ನಾಣ್ಯಗಳನ್ನು ತೆಗೆದು, ಒಂದೊಂದಾಗಿ ಅವನ ಮುಂದೆ ಸಾಲಾಗಿ ಇಟ್ಟಳು.

“ಇವು ಸರಿಯಿಲ್ಲವಂತೆ,” ಎಂದಳು. “ನಿಮ್ಮ ಮೆಕ್ಯಾನಿಕ್ ಹೇಳಿದ್ರು.”

ಅವನು ನೋಡಿದ. ಮೂರನೆಯದರ ಅಂಚಿನಲ್ಲಿ ಒಂದು ಕಚ್ಚು ಇತ್ತು. ಆ ನಾಣ್ಯವನ್ನು ಅವನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದ. ಹದಿನಾರು ವರ್ಷ ಅವನ ಪಾಠದ ಚೀಲದಲ್ಲಿದ್ದು, ನೂರಾರು ಸಲ ಡಬ್ಬಿಗಳ ಒಳಗೆ ಹೋಗಿ ಬಂದ ನಾಣ್ಯ ಅದು. ಅದನ್ನು ಎತ್ತಿ ಅಂಚಿನ ಮೇಲೆ ಬೆರಳಾಡಿಸಿದ. ಆದರೂ ಬಾಯಿಗೆ ಮೊದಲು ಬಂದದ್ದು, ಮುಂಚೆಯೇ ಹೋಗಬಾರದಿತ್ತಾ ಎಂಬ ಮಾತು. ಅದನ್ನು ಆಡಿಯೂ ಬಿಟ್ಟ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಈ ಮನೆಯಲ್ಲಿ ಮಾಡಿದವನು ಒಬ್ಬ, ಉಂಡವಳು ಇನ್ನೊಬ್ಬಳು.

ಎಲ್ಲ ಅಲ್ಲಿಗೇ ಮುಗಿದಿದ್ದರೆ ಅದನ್ನು ಗ್ರಹಚಾರ ಎಂದು ಕೈತೊಳೆದುಕೊಳ್ಳಬಹುದಿತ್ತು. ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಅವಳು ದೊಡ್ಡ ಸಿಸ್ಟರನ್ನು ಕರೆದುಕೊಂಡು ತರಬೇತಿ ಕಚೇರಿಯ ಅಧಿಕಾರಿಯನ್ನು ಕಂಡಳು. ಅಧಿಕಾರಿ ಒಳ್ಳೆಯ ಹೆಂಗಸು, ನಿಯಮದ ಪುಸ್ತಕ ತೆಗೆದು ನೋಡಿದರು. ಕಚೇರಿಯೊಳಗಿನ ಯಂತ್ರ ಕೆಟ್ಟು ಅರ್ಜಿ ತಡವಾದರೆ ಏಳು ದಿನದವರೆಗೆ ತೆಗೆದುಕೊಳ್ಳಬಹುದಂತೆ. ಆದರೆ ಯಂತ್ರದ ಪುಸ್ತಕದಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದಿದೆಯಲ್ಲ? ಮೆಕ್ಯಾನಿಕ್ ಬಂದು ಆ ದಿನ ದೋಷ ಇತ್ತೆಂದು ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕು ಎಂದರು. ಮುಂದಿನ ಮಂಗಳವಾರದವರೆಗೆ ಸಮಯ ಕೊಟ್ಟರು.

ಅವಳು ಮನೆಗೆ ಬಂದು ಇಷ್ಟನ್ನೂ ಹೇಳಿದಳು. ಅವಳ ಮುಖದಲ್ಲಿ ಬಣ್ಣ ವಾಪಸ್ ಬಂದಿತ್ತು. “ಒಂದು ಸಾಲು ರೀ,” ಎಂದಳು. “ನಿಮ್ಮ ಅಕ್ಷರದಲ್ಲಿ ಒಂದು ಸಾಲು.”

ಬರೆಯುತ್ತೇನೆ ಎಂದ. ಬರೆಯುವ ಮನಸ್ಸೂ ಇತ್ತು. ಗುರುವಾರ ಕಂಪನಿಗೆ ಹೋಗಿ, ಸುತ್ತಿ ಬಳಸಿ, ಏಳನೇ ನಂಬರಿನಲ್ಲಿ ಏನೋ ಸಣ್ಣ ದೋಷ ಇದ್ದಿರಬಹುದು ಎಂದು ಮ್ಯಾನೇಜರ್ ಕಿವಿಗೆ ಹಾಕಿದ. ಮ್ಯಾನೇಜರ್ ಕನ್ನಡಕ ತೆಗೆದ. ವಾಷರು ಹೇಗೆ ನಿಂತಿತೆಂದು ಅವನು ಅಂದೇ ಊಹಿಸಿದ್ದ. ಒಂದು ಡಬ್ಬಿಯಲ್ಲಿ ದೋಷ ಎಂದು ಬರೆದರೆ ಯಾಕಾಯಿತು ಎಂದು ಕೇಳುತ್ತಾರೆ. ಯಾರನ್ನೂ ಕೇಳದೆ ಹನ್ನೊಂದಕ್ಕೂ ಪಾಠ ಬದಲಿಸಿದ್ದು ಹೊರಗೆ ಬರುತ್ತದೆ. ಮೇಷ್ಟ್ರ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ, ಇನ್ನೂ ಎರಡು ವರ್ಷಕ್ಕೆ ಮುಂದುವರಿಸುವ ಕಾಗದ ಮೇಜಿನ ಮೇಲೆ ಸಹಿಗೆ ಕಾಯುತ್ತಿದೆ. ಮ್ಯಾನೇಜರ್ ಇಷ್ಟನ್ನೂ ಮೆತ್ತಗೆ ಹೇಳಿ, ಯೋಚಿಸಿ ಬರೆಯಿರಿ ಎಂದ.

ಮೇಷ್ಟ್ರು ಯೋಚಿಸಿದ. ಶುಕ್ರವಾರ ಯೋಚಿಸಿದ. ಶನಿವಾರ ನ್ಯಾಯಾಲಯದ ಡಬ್ಬಿಯ ಸೀಳಿನಿಂದ ಯಾರೋ ಅಂಟಿಸಿದ ಚೂಯಿಂಗ್ ಗಮ್ಮನ್ನು ಸೂಜಿಯಿಂದ ಕೆದಕಿ ತೆಗೆಯುತ್ತ ಯೋಚಿಸಿದ. ಐವತ್ತೆರಡರ ವಯಸ್ಸಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ ಎಂದು ತನ್ನನ್ನೇ ಕೇಳಿಕೊಂಡ. ಅವಳಿಗೆ ಜಾಗ ಸಿಕ್ಕೇ ಸಿಗುತ್ತದೆಂದು ಏನು ಗ್ಯಾರಂಟಿ ಎಂದೂ ಕೇಳಿಕೊಂಡ. ಈ ಎರಡನೆಯ ಪ್ರಶ್ನೆ ಕೇಳಿಕೊಂಡದ್ದಕ್ಕೆ ನಾನು ಅವನನ್ನು ಕ್ಷಮಿಸಲಾರೆ. ಮೊದಲನೆಯದು ಹೆದರಿಕೆ, ಹೆದರಿಕೆ ಯಾರಿಗಿಲ್ಲ. ಎರಡನೆಯದು ಬರೀ ಸಣ್ಣತನ.

ಅವಳು ಮತ್ತೆ ಕೇಳಲಿಲ್ಲ. ಅದೇ ಅವನಿಗೆ ಕಷ್ಟವಾಗಿತ್ತು. ಕೇಳಿದ್ದರೆ ರೇಗಬಹುದಿತ್ತು. ಅವನು ಬಾಗಿಲು ತೆಗೆದು ಒಳಗೆ ಬರುವಾಗ ಒಂದು ಕ್ಷಣ ಮುಖ ನೋಡುತ್ತಿದ್ದಳು, ಆಮೇಲೆ ಪಾತ್ರೆಯ ಕಡೆ ತಿರುಗುತ್ತಿದ್ದಳು. ಭಾನುವಾರ ಆ ಆರು ಕಾಗದಗಳನ್ನು ತೆಗೆದು, ಮಡಿಕೆ ಬಿದ್ದ ಸೇವಾ ಪತ್ರವನ್ನು ದಪ್ಪ ಪುಸ್ತಕದ ಕೆಳಗಿಟ್ಟು ನೇರ ಮಾಡಿದಳು. ಸೋಮವಾರ ಅವನು ಏಳನೇ ನಂಬರಿನ ಹತ್ತಿರದವರೆಗೆ ಹೋಗಿ, ದಾರದಲ್ಲಿ ತೂಗುತ್ತಿದ್ದ ಪುಸ್ತಕವನ್ನು ಕೈಯಲ್ಲಿ ಹಿಡಿದು, ಬಿಟ್ಟು ಬಂದ. ಮಂಗಳವಾರ ಆ ಕಡೆ ಹೋಗಲೇ ಇಲ್ಲ. ಆಸ್ಪತ್ರೆಯ ಡಬ್ಬಿಯಲ್ಲಿ ಮಾಡಲು ಬಹಳ ಕೆಲಸವಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಅಲ್ಲಿ ಇದ್ದದ್ದು ಧೂಳು ಒರೆಸುವ ಕೆಲಸ. ಸಂಜೆ ನಾಲ್ಕು ಹೊಡೆಯುವವರೆಗೂ ಒರೆಸಿದ.

ಬುಧವಾರ ಮ್ಯಾನೇಜರ್ ಕರೆದು, ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಿ, ಒಂದು ಪ್ರತಿ ಕೈಗಿತ್ತ. ಎರಡು ವರ್ಷ ಯಾರೂ ಅಲುಗಾಡಿಸುವಂತಿಲ್ಲ.

ಗುರುವಾರ ಬೆಳಿಗ್ಗೆ ಎದ್ದಾಗ ಮೇಷ್ಟ್ರಿಗೆ ಎಲ್ಲಿಂದಲೋ ಧೈರ್ಯ ಬಂದಿತ್ತು. ಅಡುಗೆಮನೆಯ ಟಿನ್ನಿನಿಂದ ಸವೆದ ಐದು, ನಡುವಯಸ್ಸಿನ ಹತ್ತು ನಾಣ್ಯಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡ, ಅಂಚಿಗೆ ಕಚ್ಚು ಬಿದ್ದದ್ದನ್ನೂ ಸೇರಿಸಿ. ಸೀದಾ ಏಳನೇ ನಂಬರಿಗೆ ಹೋದ. ಬೀಗ ತೆಗೆದ. ತಿರುಪು ಸಡಿಲ ಮಾಡಿದ. ಕೆಂಪು ಗುಂಡಿ ಒತ್ತಿ ಹಿಡಿದು, ಆ ಮುದುಕ ಹೇಳಿಕೊಟ್ಟಂತೆ, ಐದು ಹೊಸವು, ಹತ್ತು ನಡುವಿನವು, ಐದು ಸವೆದವು, ಒಂದೊಂದಾಗಿ ಹಾಕಿದ. ಕಚ್ಚು ಬಿದ್ದ ನಾಣ್ಯ ಕೊನೆಯದು. ಪಾಠ ಮುಗಿಸಿ, ಬೀಗ ಹಾಕಿ, ಅದನ್ನೇ ಮತ್ತೆ ಹಾಕಿ ನೋಡಿದ. ಡಬ್ಬಿ ಸದ್ದಿಲ್ಲದೆ ನುಂಗಿತು. ಆಮೇಲೆ ಪುಸ್ತಕ ಬಿಡಿಸಿ, ಹಿಂದಿನ ವಾರದ ಮಂಗಳವಾರದ ದೂರಿನ ಕೆಳಗೆ ಬರೆದ: ‘ದೋಷ ಇತ್ತು. ಪಾಠ ತಪ್ಪಾಗಿತ್ತು. ತಪ್ಪು ಮೆಕ್ಯಾನಿಕ್‌ದು.’ ಸಹಿ ಹಾಕಿದ, ತಾರೀಖು ಬರೆದ. ಹದಿನೆಂಟು ವರ್ಷದಲ್ಲಿ ಅವನು ಹಾಗೆ ಬರೆದದ್ದು ಅದೇ ಮೊದಲು, ಮತ್ತು ಅವನ ಎದೆ ಹಗುರವಾಯಿತು. ಹಗುರವಾದದ್ದು ಅವನದೊಬ್ಬನದೇ ಎಂಬುದು ಆ ಹೊತ್ತಿಗೆ ತೋಚಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಅವಳು ಎರಡು ಗಂಟೆಯ ಪಾಳಿಗೆ ಹೊರಟು ನಿಂತಿದ್ದಳು, ಕೂದಲಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಅವನು ಬೂಟನ್ನೂ ಕಳಚದೆ ಹೇಳಿದ.

“ಬರೆದೆ ಕಣೇ. ದೋಷ ಇತ್ತು ಅಂತ ಬರೆದೆ. ತಪ್ಪು ನನ್ನದೇ ಅಂತಲೂ ಬರೆದೆ.”

ಅವಳು ಕೊನೆಯ ಪಿನ್ನು ಚುಚ್ಚಿಕೊಂಡಳು.

“ತಾರೀಖು ಯಾವುದು ಹಾಕಿದ್ರಿ?”

ತಪ್ಪು ತಾರೀಖು ಹಾಕುವವನಲ್ಲ ಅವನು, ಪ್ರಾಮಾಣಿಕ. “ಇವತ್ತಿಂದು,” ಎಂದ.

“ನಿಮ್ಮ ಗುತ್ತಿಗೆ ಸಹಿ ಆಯ್ತಾ?”

“ನಿನ್ನೆ ಆಯ್ತು.”

ಅವಳು ತಲೆಯಾಡಿಸಿದಳು, ರೋಗಿಯ ಜ್ವರ ಎಷ್ಟೆಂದು ಕೇಳಿ ತಿಳಿದುಕೊಂಡವಳಂತೆ. ಬಯ್ಯಲಿಲ್ಲ, ಅಳಲಿಲ್ಲ. ಶೆಲ್ಫಿನ ಮೇಲಿನ ಟಿನ್ನು ತೆಗೆದು ಎರಡು ಬಸ್ಸಿಗೆ ಆಗುವಷ್ಟು ಸವೆದ ನಾಣ್ಯಗಳನ್ನು ಆರಿಸಿ ಅಂಗೈಯಲ್ಲಿ ಹಿಡಿದಳು. ಅವನು ಜೇಬಿಗೆ ಕೈ ಹಾಕಿ, ಹೊಸ ನಾಣ್ಯಗಳಿವೆ, ಇವನ್ನು ತಗೋ ಎಂದು ಮುಂದೆ ಚಾಚಿದ.

“ಬೇಡಿ,” ಎಂದಳು. “ಬಸ್ಸಿನವರು ಇವನ್ನೇ ತಗೋತಾರೆ.” ಚಪ್ಪಲಿ ಮೆಟ್ಟಿಕೊಂಡು ಪಾಳಿಗೆ ಹೋದಳು.